ಶಾಖದ ಲೆಕ್ಕಕ್ಕೆ ಇಷ್ಟು ಚಳಿ ಯಾಕೆ ಬೇಕು?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲ, ಹಾಗಾಗಿ ಕೆಲವು ಕಡೆ ವಿವರಣೆಯನ್ನು ಹಿಗ್ಗಿಸಿದ್ದೇನೆ. ಸಭಿಕರ ಮೂರು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶಾಖವನ್ನು ಅಧ್ಯಯನ ಮಾಡುವವರು ಬಿಸಿ ಇರುವ ಕಡೆ ಹೋಗಬೇಕು ಅನ್ನಿಸುವುದು ಸಹಜ. ಕುಲುಮೆ, ಬಾಯ್ಲರ್, ಎಂಜಿನ್ ಇತ್ಯಾದಿ. ಇವತ್ತು ನಾನು ಹೇಳಹೊರಟಿರುವ ಪ್ರಯೋಗಗಳು ನಡೆಯುವುದು ಮಾತ್ರ ನಿರಪೇಕ್ಷ ಶೂನ್ಯಕ್ಕಿಂತ, ಅಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ಗಿಂತ, ಒಂದು ಡಿಗ್ರಿಯ ಹತ್ತನೇ ಒಂದು ಅಥವಾ ನೂರನೇ ಒಂದು ಭಾಗದಷ್ಟು ಮೇಲೆ. ವಿಶ್ವದ ಮೂಲೆಮೂಲೆಯನ್ನೂ ತುಂಬಿರುವ ಹಿನ್ನೆಲೆ ವಿಕಿರಣದ ತಾಪಮಾನ 2.7 ಕೆಲ್ವಿನ್, ಅಂದರೆ ನಿರಪೇಕ್ಷ ಶೂನ್ಯಕ್ಕಿಂತ 2.7 ಡಿಗ್ರಿ ಮೇಲೆ. ಅದರ ಮುಂದೆ ಈ ಪ್ರಯೋಗಾಲಯದ ಪೆಟ್ಟಿಗೆಗಳು ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ತಣ್ಣಗಿರುತ್ತವೆ. ಇಂಥ ಜಾಗದಲ್ಲಿ ಶಾಖವೆಂಬುದು ಉಳಿದಿರುತ್ತದೆಯೇ? ಉಳಿದಿರುತ್ತದೆ. ಅಷ್ಟೇ ಅಲ್ಲ, ಅದನ್ನು ಬಿಡಿಬಿಡಿಯಾಗಿ ಎಣಿಸಲು ಆಗುವುದು ಅಲ್ಲಿ ಮಾತ್ರ.

ಶಾಖ ಅಂದರೇನು ಎಂಬುದನ್ನು ಮೊದಲು ನೋಡೋಣ. ಸಾದಿ ಕಾರ್ನೊ 1824ರಲ್ಲಿ ಉಗಿಯಂತ್ರಗಳ ಬಗ್ಗೆ ಬರೆದಾಗ ಪರಮಾಣುಗಳು ನಿಜವಾಗಿ ಇವೆಯೋ ಇಲ್ಲವೋ ಎಂಬುದೇ ತೀರ್ಮಾನವಾಗಿರಲಿಲ್ಲ. ಆದರೂ ಎರಡು ತಾಪಮಾನಗಳ ನಡುವೆ ಓಡುವ ಯಂತ್ರದಿಂದ ಗರಿಷ್ಠ ಎಷ್ಟು ಕೆಲಸ ತೆಗೆಯಬಹುದು ಎಂದು ಆತ ಹಾಕಿಕೊಟ್ಟ ಮಿತಿ ಇಂದಿಗೂ ಅಲುಗಾಡಿಲ್ಲ. ಪರಮಾಣುಗಳ ಗೊಡವೆಯೇ ಇಲ್ಲದೆ ನಿಲ್ಲಬಲ್ಲ ವಿಜ್ಞಾನ ಅದು. ಅದಕ್ಕೆ ಕಾರಣ ಸಂಖ್ಯೆ. ಒಂದು ಗ್ರಾಂ ತಾಮ್ರದಲ್ಲಿ ಹತ್ತಿರ ಹತ್ತಿರ 10²² ಪರಮಾಣುಗಳಿವೆ. ಇಷ್ಟೊಂದು ಕಣಗಳ ಸರಾಸರಿ ತೆಗೆದರೆ ಸರಾಸರಿಯಿಂದ ಆಚೀಚೆ ಆಗುವುದು ಕಣ್ಣಿಗೆ ಬೀಳುವುದಿಲ್ಲ.

ಖರ್ಚಿನ ಲೆಕ್ಕ ಬರೆಯುವವರು ಕೊನೆಗೊಂದು ಸಾಲು ಇಟ್ಟುಕೊಂಡಿರುತ್ತಾರೆ: ‘ಇತರೆ’. ದುಡ್ಡು ಹೋಗಿದ್ದು ನಿಜ, ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಬರೆದಿಲ್ಲ, ಒಟ್ಟು ಮೊತ್ತ ಮಾತ್ರ ಗೊತ್ತು. ನನ್ನ ಮಟ್ಟಿಗೆ ಶಾಖ ಅಂದರೆ ಶಕ್ತಿಯ ಲೆಕ್ಕದಲ್ಲಿರುವ ‘ಇತರೆ’. ಪಿಸ್ಟನ್ನನ್ನು ಎಷ್ಟು ದೂರ ತಳ್ಳಿದಿರಿ, ಬ್ಯಾಟರಿಯಿಂದ ಎಷ್ಟು ವಿದ್ಯುತ್ತು ಹರಿಯಿತು ಎಂದು ಹೆಸರಿಟ್ಟು ಹೇಳಬಹುದಾದದ್ದು ಕೆಲಸ. ಉಳಿದದ್ದು, ಯಾವ ಕಣಕ್ಕೆ ಎಷ್ಟು ಹೋಯಿತೆಂದು ಹೇಳಲಾಗದ್ದು, ಶಾಖ. ಹಾಗಿದ್ದರೆ ಆ ‘ಇತರೆ’ಯನ್ನೂ ಸಾಲುಸಾಲಾಗಿ ಬಿಡಿಸಿ ಬರೆಯಲು ಸಾಧ್ಯವಾದರೆ? ಒಂದೊಂದು ಎಲೆಕ್ಟ್ರಾನು ಜಿಗಿದಾಗಲೂ, ಒಂದೊಂದು ಫೋಟಾನು (ಬೆಳಕು, ಮೈಕ್ರೋವೇವ್ ಇತ್ಯಾದಿ ಅಲೆಗಳ ಕಣ) ಹೊರಬಿದ್ದಾಗಲೂ ನಮೂದಿಸುತ್ತ ಹೋದರೆ ಶಾಖದ ನಿಯಮಗಳು ಏನಾಗುತ್ತವೆ? ನನ್ನ ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಚಳಿ ಯಾಕೆ ಬೇಕು ಎಂಬುದಕ್ಕೆ ಒಂದು ಸಣ್ಣ ಗಣಿತವಿದೆ. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ತಾಪಮಾನದಿಂದ ಗುಣಿಸಿದರೆ ಶಕ್ತಿಯ ಒಂದು ಅಳತೆ ಸಿಗುತ್ತದೆ. ಆ ತಾಪಮಾನದಲ್ಲಿ ಪ್ರಕೃತಿ ಪುಕ್ಕಟೆಯಾಗಿ ಹಂಚುವ ಚಿಲ್ಲರೆ ಶಕ್ತಿ ಅದು. ಅದನ್ನು ಪ್ಲಾಂಕ್ ಸ್ಥಿರಾಂಕದಿಂದ ಭಾಗಿಸಿ ಆವರ್ತನಕ್ಕೆ ಬದಲಾಯಿಸಿದರೆ, 1 ಕೆಲ್ವಿನ್ ಎಂದರೆ ಸುಮಾರು 20.8 ಗಿಗಾಹರ್ಟ್ಸ್. ನಾವು ಕೂತಿರುವ ಕೋಣೆಯ 300 ಕೆಲ್ವಿನ್ ಎಂದರೆ 6,000 ಗಿಗಾಹರ್ಟ್ಸ್‌ಗೂ ಹೆಚ್ಚು. ಕ್ವಾಂಟಮ್ ಕಂಪ್ಯೂಟರುಗಳಲ್ಲಿ ಬಳಸುವ ಅತಿವಾಹಕ (ವಿದ್ಯುತ್ತನ್ನು ತಡೆಯಿಲ್ಲದೆ ಒಯ್ಯುವ) ಮಂಡಲಗಳು ಕೆಲಸ ಮಾಡುವುದು 5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ 0.24 ಕೆಲ್ವಿನ್‌ಗೆ ಸಮನಾದ ಶಕ್ತಿಯಲ್ಲಿ. ಮಂಡಲದ ಕೆಳಗಿನ ಶಕ್ತಿಸ್ಥಿತಿಯಿಂದ ಮೇಲಿನದಕ್ಕೆ ಇರುವ ಅಂತರ ಅದು; ಕೋಣೆಯ ತಾಪಮಾನದಲ್ಲಿ ಆ ಒಂದು ಮೆಟ್ಟಿಲು ಇದೆಯೆಂಬುದೂ ತಿಳಿಯುವುದಿಲ್ಲ. 20 ಮಿಲಿಕೆಲ್ವಿನ್‌ಗೆ ಇಳಿಸಿದರೆ ಶಾಖವೇ ತಾನಾಗಿ ಮಂಡಲವನ್ನು ಮೇಲಿನ ಮೆಟ್ಟಿಲಿಗೆ ಹತ್ತಿಸುವ ಸಂಭವ ಹತ್ತು ಲಕ್ಷದಲ್ಲಿ ಆರರಷ್ಟಕ್ಕೆ ಬೀಳುತ್ತದೆ. ಆಗ ಮೆಟ್ಟಿಲು ಏರಿದ್ದಾದರೆ ಅದಕ್ಕೊಂದು ಕಾರಣ ಇರಲೇಬೇಕು, ಆ ಕಾರಣವನ್ನು ಹುಡುಕಬಹುದು.

ಈ ಚಳಿಯನ್ನು ತಯಾರಿಸುವ ಯಂತ್ರದ ಹೆಸರು ಡೈಲ್ಯೂಷನ್ ರೆಫ್ರಿಜರೇಟರ್. ಹೀಲಿಯಮ್‌ನಲ್ಲಿ ಎರಡು ಬಗೆ: ಸಾಮಾನ್ಯವಾದ ಹೀಲಿಯಮ್-4, ಅಪರೂಪದ ಹೀಲಿಯಮ್-3. ಎರಡನ್ನೂ ಬೆರೆಸಿ ಸುಮಾರು 0.87 ಕೆಲ್ವಿನ್‌ಗಿಂತ ಕೆಳಗೆ ತಂದರೆ ಮಿಶ್ರಣ ಎರಡು ಪದರಗಳಾಗಿ ಬೇರ್ಪಡುತ್ತದೆ. ಮೇಲಿನ ಪದರದಲ್ಲಿ ಬಹುಪಾಲು ಹೀಲಿಯಮ್-3, ಕೆಳಗಿನದರಲ್ಲಿ ಬಹುಪಾಲು ಹೀಲಿಯಮ್-4. ಆದರೆ ಕೆಳಗಿನ ಪದರ ಎಷ್ಟೇ ತಣ್ಣಗಾದರೂ, ನಿರಪೇಕ್ಷ ಶೂನ್ಯಕ್ಕೇ ಹೋದರೂ, ತನ್ನಲ್ಲಿ ಆರು ಆರೂವರೆ ಶೇಕಡಾದಷ್ಟು ಹೀಲಿಯಮ್-3 ಉಳಿಸಿಕೊಳ್ಳುತ್ತದೆ. ಇದು ಕ್ವಾಂಟಮ್ ನಿಯಮಗಳ ಕೊಡುಗೆ. ಕೆಳಗಿನ ಪದರದಿಂದ ಹೀಲಿಯಮ್-3ನ್ನು ಪಂಪ್ ಮಾಡಿ ಹೊರತೆಗೆಯುತ್ತ ಹೋದರೆ, ಆ ಕೊರತೆ ತುಂಬಲು ಮೇಲಿನಿಂದ ಹೀಲಿಯಮ್-3 ಗಡಿ ದಾಟಿ ಇಳಿಯುತ್ತದೆ, ದಾಟುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಹೊರಬಂದ ಅನಿಲವನ್ನು ಮತ್ತೆ ತಣಿಸಿ ಒಳಗೆ ಬಿಡುತ್ತಾರೆ, ಚಕ್ರ ತಿಂಗಳುಗಟ್ಟಲೆ ನಿಲ್ಲದೆ ತಿರುಗುತ್ತದೆ. ಹೈಂಜ್ ಲಂಡನ್ 1951ರಲ್ಲೇ ಈ ಉಪಾಯ ಸೂಚಿಸಿದ್ದರು. ಕೆಲಸ ಮಾಡುವ ಮೊದಲ ಯಂತ್ರ ತಯಾರಾದದ್ದು 1960ರ ದಶಕದ ಮಧ್ಯದಲ್ಲಿ, ನೆದರ್ಲೆಂಡ್ಸಿನ ಲೈಡನ್‌ನಲ್ಲಿ. 1908ರಲ್ಲಿ ಕಾಮರ್ಲಿಂಗ್ ಓನೆಸ್ ಹೀಲಿಯಮ್ಮನ್ನು ಮೊದಲ ಸಲ ದ್ರವವಾಗಿಸಿದ ಊರೂ ಅದೇ. ಈಗ ಇಂಥ ಯಂತ್ರಗಳನ್ನು ಕಂಪನಿಗಳಿಂದ ಕೊಳ್ಳಬಹುದು, ಗುಂಡಿ ಒತ್ತಿ ಕಾದರೆ 10 ಮಿಲಿಕೆಲ್ವಿನ್ ಸಿಗುತ್ತದೆ.

ಸಿಗುತ್ತದೆ, ಆದರೆ ಯಾರಿಗೆ? ಈ ಕ್ಷೇತ್ರದ ನಿಜವಾದ ತೊಡಕು, ನನಗೆ ಅತಿ ಇಷ್ಟವಾದ ಭಾಗವೂ ಹೌದು, ಇಲ್ಲಿಂದ ಶುರುವಾಗುತ್ತದೆ.

ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ ತಾಮ್ರದ ಒಂದು ಪುಟ್ಟ ತುಣುಕು ಇದೆ ಎಂದುಕೊಳ್ಳಿ. ಉದ್ದ 1 ಮೈಕ್ರೋಮೀಟರ್, ಅಗಲ 0.1 ಮೈಕ್ರೋಮೀಟರ್, ದಪ್ಪ 0.02 ಮೈಕ್ರೋಮೀಟರ್. ಈ ತುಣುಕಿನ ತಾಪಮಾನ ಎಷ್ಟು ಎಂದು ಕೇಳಿದರೆ ಮರುಪ್ರಶ್ನೆ ಹಾಕಬೇಕಾಗುತ್ತದೆ: ಯಾವುದರ ತಾಪಮಾನ? ತಾಮ್ರದ ಪರಮಾಣುಗಳ ಜಾಲ ಒಂದು, ಅದರೊಳಗೆ ಓಡಾಡುವ ಎಲೆಕ್ಟ್ರಾನುಗಳು ಇನ್ನೊಂದು. ಜಾಲದ ಕಂಪನಕ್ಕೆ ಫೋನಾನ್ ಎಂದು ಹೆಸರು. ಕೋಣೆಯ ತಾಪಮಾನದಲ್ಲಿ ಎಲೆಕ್ಟ್ರಾನುಗಳೂ ಫೋನಾನುಗಳೂ ಶಕ್ತಿಯನ್ನು ಎಷ್ಟು ಬೇಗ ಕೊಟ್ಟು ತೆಗೆದುಕೊಳ್ಳುತ್ತವೆಂದರೆ ಇಬ್ಬರಿಗೂ ಒಂದೇ ತಾಪಮಾನ. ತಣಿಸುತ್ತ ಹೋದಂತೆ ಈ ವಹಿವಾಟು ಬತ್ತುತ್ತದೆ. ಅದು ತಾಪಮಾನದ ಐದನೇ ಘಾತದಂತೆ ಬದಲಾಗುತ್ತದೆ. ತಾಪಮಾನ ಹತ್ತು ಪಟ್ಟು ಇಳಿದರೆ ಎಲೆಕ್ಟ್ರಾನುಗಳು ಜಾಲಕ್ಕೆ ದಾಟಿಸಬಲ್ಲ ಶಾಖ ಒಂದು ಲಕ್ಷ ಪಟ್ಟು ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ತಾಮ್ರಕ್ಕೆ ಪ್ರಯೋಗಗಳಿಂದ ತಿಳಿದಿರುವ ಸ್ಥಿರಾಂಕವನ್ನು ಬಳಸಿದರೆ, ನಮ್ಮ ತುಣುಕಿನ ಎಲೆಕ್ಟ್ರಾನುಗಳು 0.1 ಕೆಲ್ವಿನ್‌ನಲ್ಲಿದ್ದಾಗ ತಣ್ಣನೆಯ ಜಾಲಕ್ಕೆ ಬಿಟ್ಟುಕೊಡುವ ಶಾಖ ಸೆಕೆಂಡಿಗೆ ಸುಮಾರು 4×10⁻¹⁷ ಜೂಲ್. ಇದನ್ನೇ ತಿರುಗಿಸಿ ಓದಿ. ಹೊರಗಿನಿಂದ ತಂತಿಗಳ ಮೂಲಕ 4×10⁻¹⁷ ವ್ಯಾಟ್ ನುಸುಳಿ ಬಂದರೆ ಸಾಕು, ಯಂತ್ರದ ಮುಖಫಲಕ 10 ಮಿಲಿಕೆಲ್ವಿನ್ ಎಂದು ತೋರಿಸುತ್ತಿರುವಾಗಲೇ ಒಳಗಿನ ಎಲೆಕ್ಟ್ರಾನುಗಳು 100 ಮಿಲಿಕೆಲ್ವಿನ್‌ನಲ್ಲಿ ಬೆಚ್ಚಗೆ ಕೂತಿರುತ್ತವೆ. ಚಿಪ್ಪು ತಣ್ಣಗಿದೆ, ಎಲೆಕ್ಟ್ರಾನು ತಣ್ಣಗಿಲ್ಲ. ಕೋಣೆಯ ತಾಪಮಾನದ ಉಪಕರಣದಿಂದ ಇಳಿದುಬರುವ ಪ್ರತಿ ತಂತಿಯೂ ವಿಕಿರಣವನ್ನು ಹೊತ್ತು ತರುತ್ತದೆ. ಹಾಗಾಗಿ ಈ ಪ್ರಯೋಗಾಲಯಗಳಲ್ಲಿ ದುಡಿಮೆಯ ದೊಡ್ಡ ಪಾಲು ಹೋಗುವುದು ಫಿಲ್ಟರುಗಳಿಗೆ, ಒಂದರೊಳಗೊಂದು ಮುಚ್ಚಿದ ಲೋಹದ ಡಬ್ಬಿಗಳಿಗೆ. ಬಳಕೆಯಲ್ಲಿರುವ ಫಿಲ್ಟರೊಂದರಲ್ಲಿ ತಂತಿಯ ಸುರುಳಿಯನ್ನು ತಾಮ್ರದ ಪುಡಿಯಲ್ಲಿ ಹೂತಿಟ್ಟಿರುತ್ತಾರೆ, ಮೈಕ್ರೋವೇವ್ ಅಲೆಗಳು ಆ ಪುಡಿಯಲ್ಲೇ ಸತ್ತುಹೋಗುತ್ತವೆ. 2025ರ ನೊಬೆಲ್ ಪಡೆದ ಜಾನ್ ಕ್ಲಾರ್ಕ್, ಮಿಷೆಲ್ ದೆವೊರೆ, ಜಾನ್ ಮಾರ್ಟಿನಿಸ್ 1980ರ ದಶಕದಲ್ಲಿ ಬರ್ಕ್ಲಿಯಲ್ಲಿ ನಡೆಸಿದ ಪ್ರಯೋಗಗಳಲ್ಲಿ ಇಂಥ ಪುಡಿಯ ಫಿಲ್ಟರುಗಳಿದ್ದವು. ಪ್ರಶಸ್ತಿಯ ಸುದ್ದಿಯಲ್ಲಿ ಪುಡಿಯ ಪ್ರಸ್ತಾಪ ಬರುವುದಿಲ್ಲ, ಆದರೆ ಅದಿಲ್ಲದಿದ್ದರೆ ಅವರು ನೋಡಬೇಕಾದದ್ದು ಗದ್ದಲದಲ್ಲಿ ಮುಚ್ಚಿಹೋಗುತ್ತಿತ್ತು.

ಈ ತೊಡಕಿಗೆ ಇನ್ನೊಂದು ಮುಖವಿದೆ. ಎಲೆಕ್ಟ್ರಾನುಗಳು ಜಾಲದಿಂದ ಬೇರ್ಪಟ್ಟಿವೆ ಎಂದರೆ, ಅವುಗಳಿಗೆ ಕೊಟ್ಟ ಚಿಟಿಕೆ ಶಾಖ ತಕ್ಷಣ ಸೋರಿಹೋಗುವುದಿಲ್ಲ ಎಂದೂ ಅರ್ಥ. ಅಳೆಯಲು ಸಮಯ ಸಿಗುತ್ತದೆ.

ಅಳೆಯುವುದು ಹೇಗೆ? ತಾಮ್ರದ ತುಣುಕಿಗೆ ಅಲ್ಯೂಮಿನಿಯಮ್ಮಿನ ಒಂದು ಎಳೆಯನ್ನು ತಾಗಿಸಿ, ನಡುವೆ ಒಂದು ನ್ಯಾನೋಮೀಟರಿನಷ್ಟು ದಪ್ಪದ ಅಲ್ಯೂಮಿನಿಯಮ್ ಆಕ್ಸೈಡ್ ಪದರ ಬಿಡುತ್ತಾರೆ. 1.2 ಕೆಲ್ವಿನ್‌ಗಿಂತ ಕೆಳಗೆ ಅಲ್ಯೂಮಿನಿಯಮ್ ಅತಿವಾಹಕ. ಅತಿವಾಹಕದೊಳಗೆ ಒಂಟಿ ಎಲೆಕ್ಟ್ರಾನೊಂದು ನುಗ್ಗಬೇಕಾದರೆ ಅದರ ಬಳಿ ಕನಿಷ್ಠ ಇಷ್ಟು ಶಕ್ತಿ ಇರಲೇಬೇಕು. ಅಲ್ಯೂಮಿನಿಯಮ್ಮಿನಲ್ಲಿ ಆ ಮಿತಿ ಸುಮಾರು 0.2 ಮಿಲಿ ಎಲೆಕ್ಟ್ರಾನ್‌ವೋಲ್ಟ್. ತಾಮ್ರದ ಎಲೆಕ್ಟ್ರಾನುಗಳಲ್ಲಿ ಬಿಸಿಯಾದ ಕೆಲವು ಮಾತ್ರ ಆ ಮಿತಿ ದಾಟಿ ಆಕ್ಸೈಡ್ ಪದರವನ್ನು ತೂರಿಕೊಂಡು ಹೋಗುತ್ತವೆ. ಎಷ್ಟು ಹೋದವು ಎಂಬುದು ಮೀಟರಿನಲ್ಲಿ ಕರೆಂಟಾಗಿ ಕಾಣುತ್ತದೆ, ಅದರಿಂದ ತಾಮ್ರದ ಎಲೆಕ್ಟ್ರಾನುಗಳ ತಾಪಮಾನ ತಿಳಿಯುತ್ತದೆ. ಜಾಲದ ತಾಪಮಾನವಲ್ಲ, ಎಲೆಕ್ಟ್ರಾನುಗಳದ್ದೇ.

ಇದೇ ಜೋಡಣೆ ವೋಲ್ಟೇಜನ್ನು ಸರಿಯಾಗಿ ಇಟ್ಟರೆ ಥರ್ಮಾಮೀಟರು ಹೋಗಿ ಫ್ರಿಜ್ಜಾಗುತ್ತದೆ. ಬಿಸಿ ಎಲೆಕ್ಟ್ರಾನುಗಳು ಆಯ್ದು ಹೊರಹೋದರೆ ಉಳಿದವುಗಳ ಸರಾಸರಿ ತಣ್ಣಗಾಗಲೇಬೇಕು. 1994ರಲ್ಲಿ ಅಮೆರಿಕದ ಬೌಲ್ಡರಿನಲ್ಲಿ ಇದನ್ನು ಮೊದಲು ಮಾಡಿ ತೋರಿಸಿದವರಲ್ಲಿ ಮೇಲೆ ಹೇಳಿದ ಮಾರ್ಟಿನಿಸ್ ಕೂಡ ಒಬ್ಬರು. 1996ರಲ್ಲಿ ಫಿನ್ಲೆಂಡಿನಲ್ಲಿ ಯುಕ್ಕಾ ಪೆಕೋಲಾ ಮತ್ತು ಸಂಗಡಿಗರು ಅಂಥ ಎರಡು ಸಂಧಿಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ 0.3 ಕೆಲ್ವಿನ್‌ನಿಂದ ಸುಮಾರು 0.1 ಕೆಲ್ವಿನ್‌ಗೆ ಎಲೆಕ್ಟ್ರಾನುಗಳನ್ನು ಇಳಿಸಿದರು. ಆ ಹೆಸರು ಇವತ್ತು ಮತ್ತೆ ಮತ್ತೆ ಬರುತ್ತದೆ. ಈ ಕ್ಷೇತ್ರದ ಹಲವು ಮೊದಲುಗಳು ಹೆಲ್ಸಿಂಕಿಯ ಬಳಿಯ ಈಗಿನ ಆಲ್ಟೊ ವಿಶ್ವವಿದ್ಯಾಲಯದ ಅವರ ಗುಂಪಿನಿಂದ ಬಂದಿವೆ.

ಶಾಖ ಹರಿಯುವ ದಾರಿಯ ಬಗ್ಗೆ ಎರಡು ಮಾತು. ಅತಿವಾಹಕ ವಿದ್ಯುತ್ತನ್ನು ತಡೆಯಿಲ್ಲದೆ ಒಯ್ಯುತ್ತದೆ, ಆದರೆ ಇಷ್ಟು ಚಳಿಯಲ್ಲಿ ಶಾಖವನ್ನು ಒಯ್ಯುವುದರಲ್ಲಿ ತೀರಾ ಸೋಮಾರಿ. ಹಾಗಾದರೆ ಎರಡು ಪುಟ್ಟ ರೆಸಿಸ್ಟರುಗಳನ್ನು ಅತಿವಾಹಕ ತಂತಿಯಿಂದ ಜೋಡಿಸಿದರೆ ಒಂದರ ಬಿಸಿ ಇನ್ನೊಂದಕ್ಕೆ ಹೋಗಬಾರದು. 2006ರಲ್ಲಿ ಹೆಲ್ಸಿಂಕಿಯಲ್ಲಿ ಮಾಡಿ ನೋಡಿದಾಗ ಹೋಯಿತು. ಹೋದದ್ದು ಎಲೆಕ್ಟ್ರಾನುಗಳ ಮೂಲಕವೂ ಅಲ್ಲ, ಫೋನಾನುಗಳ ಮೂಲಕವೂ ಅಲ್ಲ, ಫೋಟಾನುಗಳ ಮೂಲಕ. ಯಾವುದೇ ರೆಸಿಸ್ಟರಿನಲ್ಲಿ ಶಾಖದಿಂದಾಗಿ ವೋಲ್ಟೇಜು ಸದಾ ಸಣ್ಣಗೆ ನಡುಗುತ್ತಿರುತ್ತದೆ. ಜಾನ್ಸನ್ ಅದನ್ನು ಅಳೆದು, ನೈಕ್ವಿಸ್ಟ್ ಅದಕ್ಕೆ ಕಾರಣ ಕೊಟ್ಟು ಇಬ್ಬರೂ 1928ರಲ್ಲಿ ಪ್ರಕಟಿಸಿದ್ದರು. ರೇಡಿಯೊ ಎಂಜಿನಿಯರುಗಳಿಗೆ ಅಂದಿನಿಂದಲೂ ಅದು ತಲೆನೋವು. ಆ ನಡುಕವೇ ತಂತಿಯ ಮೂಲಕ ಮೈಕ್ರೋವೇವ್ ಅಲೆಯಾಗಿ ಹೋಗಿ ಆಚೆ ಬದಿಯ ರೆಸಿಸ್ಟರನ್ನು ಬಿಸಿ ಮಾಡುತ್ತದೆ. ಕೋಣೆಯ ತಾಪಮಾನದಲ್ಲಿ ಇದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಆದರೆ ಫೋನಾನುಗಳ ದಾರಿ ಚಳಿಯಲ್ಲಿ ಕಡಿದಾಗಿ ಬತ್ತುತ್ತದೆ, ಇದು ತಾಪಮಾನಕ್ಕೆ ಅನುಪಾತದಲ್ಲಿ ಮೆಲ್ಲಗೆ ಇಳಿಯುತ್ತದೆ. ಒಂದು ಹಂತದ ಕೆಳಗೆ ಗೆಲ್ಲುವುದು ಇದೇ.

ಒಂದು ದಾರಿಯಲ್ಲಿ ಗರಿಷ್ಠ ಎಷ್ಟು ಶಾಖ ಹೋಗಬಹುದು ಎಂಬುದಕ್ಕೆ ಪ್ರಕೃತಿಯಲ್ಲೇ ಒಂದು ಮಿತಿ ಇದೆ ಎಂದು ಜಾನ್ ಪೆಂಡ್ರಿ 1983ರಲ್ಲಿ ತೋರಿಸಿದ್ದರು. ಅದನ್ನು ಶಾಖವಾಹಕತೆಯ ಕ್ವಾಂಟಮ್ ಎನ್ನುತ್ತಾರೆ. 1 ಕೆಲ್ವಿನ್‌ನಲ್ಲಿ ಅದರ ಬೆಲೆ ಸುಮಾರು 0.95 ಪಿಕೋವ್ಯಾಟ್ ಪ್ರತಿ ಕೆಲ್ವಿನ್‌ಗೆ. ಅದರ ಸೂತ್ರದಲ್ಲಿರುವುದು ಬೋಲ್ಟ್ಸ್‌ಮನ್ ಸ್ಥಿರಾಂಕ, ಪ್ಲಾಂಕ್ ಸ್ಥಿರಾಂಕ, ತಾಪಮಾನ, ಇಷ್ಟೇ. ಯಾವ ಲೋಹ, ಯಾವ ಕಣ ಎಂಬುದು ಎಲ್ಲೂ ಬರುವುದಿಲ್ಲ. ಫೋನಾನುಗಳಲ್ಲಿ 2000ರಲ್ಲಿ ಕ್ಯಾಲ್‌ಟೆಕ್‌ನ ಶ್ವಾಬ್, ರೂಕ್ಸ್ ಮತ್ತಿತರರು ಅದನ್ನು ಕಂಡರು, ಫೋಟಾನುಗಳಲ್ಲಿ ಈಗ ಹೇಳಿದ 2006ರ ಪ್ರಯೋಗ ಕಂಡಿತು, ಎಲೆಕ್ಟ್ರಾನುಗಳ ಒಂದೇ ಒಂದು ದಾರಿಯಲ್ಲಿ 2013ರಲ್ಲಿ ಫ್ರಾನ್ಸಿನ ಗುಂಪೊಂದು ಕಂಡಿತು. ಮೂರು ಬೇರೆ ಬೇರೆ ಜಾತಿಯ ಕಣಗಳು, ಮಿತಿ ಒಂದೇ. ವಿದ್ಯುತ್ತಿನ ವಿಷಯದಲ್ಲಿ ಹೀಗಲ್ಲ. ಅಲ್ಲಿಯ ಕ್ವಾಂಟಮ್ ಕಣದ ವಿದ್ಯುದಂಶವನ್ನು ಅವಲಂಬಿಸಿದೆ. ಹಾಗಾಗಿ ಇದು ಶಾಖದ್ದೇ ಆದ ಸ್ವಭಾವ ಎಂದು ನನಗನ್ನಿಸುತ್ತದೆ, ಅದನ್ನು ಹೊತ್ತು ತಿರುಗುವವರದ್ದಲ್ಲ.

ಈಗ ‘ಇತರೆ’ಯನ್ನು ಬಿಡಿಸುವ ಕೆಲಸಕ್ಕೆ ಬರೋಣ.

ತೀರಾ ಸಣ್ಣ ಲೋಹದ ದ್ವೀಪವೊಂದಕ್ಕೆ ಒಂದೇ ಒಂದು ಎಲೆಕ್ಟ್ರಾನು ಸೇರಿಸಬೇಕಾದರೂ ಶಕ್ತಿ ತೆರಬೇಕು. ದ್ವೀಪದ ಕೆಪಾಸಿಟನ್ಸ್ (ವಿದ್ಯುದಂಶವನ್ನು ಹಿಡಿದಿಡುವ ಸಾಮರ್ಥ್ಯ) 1 ಫೆಮ್ಟೋಫ್ಯಾರಡ್ ಆಗಿದ್ದರೆ ಆ ಶಕ್ತಿ ಸುಮಾರು 0.9 ಕೆಲ್ವಿನ್‌ಗೆ ಸಮ. 0.1 ಕೆಲ್ವಿನ್ ಚಳಿಯಲ್ಲಿ ಶಾಖದ ಚಿಲ್ಲರೆಯಿಂದ ಆ ಮೊತ್ತ ಹೊಂದುವುದಿಲ್ಲ. ಎಲೆಕ್ಟ್ರಾನು ತನ್ನ ಪಾಡಿಗೆ ಒಳಗೆ ಹೊರಗೆ ಓಡಾಡಲಾರದು. ಹತ್ತಿರದಲ್ಲಿ ಒಂದು ಗೇಟ್ ಇಟ್ಟು ವೋಲ್ಟೇಜು ಏರಿಸಿದಾಗ ಮಾತ್ರ ಜಿಗಿಯುತ್ತದೆ. ಪಕ್ಕದಲ್ಲೇ, ಒಂದೇ ಎಲೆಕ್ಟ್ರಾನು ಬಂದುಹೋದರೂ ಗುರುತಿಸಬಲ್ಲ ಏಕ-ಎಲೆಕ್ಟ್ರಾನ್ ಟ್ರಾನ್ಸಿಸ್ಟರ್ ಇಟ್ಟರೆ ಪ್ರತಿ ಜಿಗಿತವೂ ಗ್ರಾಫಿನ ಮೇಲೆ ಒಂದು ಮೆಟ್ಟಿಲಾಗಿ ಕಾಣುತ್ತದೆ. ಯಾವ ವೋಲ್ಟೇಜಿನಲ್ಲಿ ಜಿಗಿಯಿತು ಎಂದು ತಿಳಿದರೆ ಆ ಜಿಗಿತದಲ್ಲಿ ಎಷ್ಟು ಶಕ್ತಿ ಶಾಖವಾಗಿ ಹೋಯಿತು, ಅಥವಾ ಎಷ್ಟು ಶಾಖವನ್ನು ಹೀರಿಕೊಂಡಿತು ಎಂದು ಲೆಕ್ಕ ಹಾಕಬಹುದು.

ಹೀರಿಕೊಂಡಿತು ಎಂಬ ಮಾತನ್ನು ಗಮನಿಸಿ. ಉಷ್ಣಗತಿ ವಿಜ್ಞಾನದ ಎರಡನೇ ನಿಯಮದ ಪ್ರಕಾರ ವ್ಯವಸ್ಥೆಯೊಂದನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಒಯ್ಯಲು ಕನಿಷ್ಠ ಇಷ್ಟು ಕೆಲಸ ಬೇಕೇ ಬೇಕು, ಅದಕ್ಕಿಂತ ಕಡಿಮೆಯಲ್ಲಿ ಆಗದು. ಗೇಟಿನ ವೋಲ್ಟೇಜನ್ನು ಒಂದೇ ರೀತಿಯಲ್ಲಿ ಸಾವಿರ ಸಾವಿರ ಸಲ ಏರಿಸಿ ನೋಡಿದರೆ ಪ್ರತಿ ಸಲವೂ ಬೇರೆ ಬೇರೆ ಉತ್ತರ ಬರುತ್ತದೆ. ಎಲೆಕ್ಟ್ರಾನು ಕೆಲವು ಸಲ ಬೇಗ ಜಿಗಿಯುತ್ತದೆ, ಕೆಲವು ಸಲ ತಡವಾಗಿ. ಅಲ್ಲಿ ಇಲ್ಲಿ ಒಂದು ಸಲ ಖರ್ಚಾದ ಕೆಲಸ ಆ ಕನಿಷ್ಠ ಮಿತಿಗಿಂತಲೂ ಕಡಿಮೆ ಇರುತ್ತದೆ! ನಿಯಮ ಮುರಿಯಿತೇ? ಸರಾಸರಿ ತೆಗೆದರೆ ಇಲ್ಲ. ಎರಡನೇ ನಿಯಮ ಹೇಳುತ್ತಿದ್ದದ್ದೇ ಸರಾಸರಿಯ ಮಾತು, ದೊಡ್ಡ ವಸ್ತುಗಳಲ್ಲಿ ಸರಾಸರಿ ಬಿಟ್ಟು ಬೇರೇನೂ ಕಾಣದ ಕಾರಣ ಅದು ಪ್ರತಿಯೊಂದು ಸಲಕ್ಕೂ ಅನ್ವಯಿಸುವ ಕಟ್ಟಳೆಯ ಹಾಗೆ ಕೇಳಿಸುತ್ತಿತ್ತು. 1997ರಲ್ಲಿ ಕ್ರಿಸ್ಟೊಫರ್ ಜಾರ್ಜಿನ್‌ಸ್ಕಿ ಇನ್ನೂ ಮುಂದೆ ಹೋಗಿ, ಈ ಆಚೀಚೆಗಳೂ ಮನಬಂದಂತೆ ಇರಲಾರವು, ಕೆಲಸದ ಒಂದು ವಿಶೇಷ ಬಗೆಯ ಘಾತೀಯ ಸರಾಸರಿ ತೆಗೆದರೆ ಪ್ರಕ್ರಿಯೆ ಎಷ್ಟೇ ಅವಸರದ್ದಾಗಿದ್ದರೂ ಉತ್ತರ ಒಂದೇ ಬರುತ್ತದೆ ಎಂದು ತೋರಿಸಿದರು. ಹಿಂದಿನದು ಅಸಮಾನತೆ, ಇದು ಸಮೀಕರಣ. ಒಂದು ಸಲದ ಪ್ರಯೋಗದಲ್ಲಿ ಮಿತಿಗಿಂತ 3 ಚಿಲ್ಲರೆಯಷ್ಟು (ಬೋಲ್ಟ್ಸ್‌ಮನ್ ಸ್ಥಿರಾಂಕ ಗುಣಿಸು ತಾಪಮಾನ ಎಂದು ಮೊದಲು ಹೇಳಿದೆನಲ್ಲ, ಅದು ಒಂದು ಚಿಲ್ಲರೆ) ಕಡಿಮೆ ಕೆಲಸವಾಗುವ ಸಂಭವ ಶೇಕಡಾ 5ನ್ನು ಮೀರದು, 20 ಚಿಲ್ಲರೆ ಎಂದರೆ ನೂರು ಕೋಟಿಯಲ್ಲಿ ಎರಡು ಮೂರನ್ನು ಮೀರದು ಎಂಬುದೂ ಇದರಿಂದಲೇ ಹೊರಡುತ್ತದೆ. ಉಗಿಯಂತ್ರದಲ್ಲಿ ಈ ವಿನಾಯಿತಿ ಯಾಕೆ ಕಾಣಲಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಆರ್‌ಎನ್‌ಎ ಎಳೆಯನ್ನು ಎಳೆದು ಬಿಚ್ಚುವ ಪ್ರಯೋಗದಲ್ಲಿ 2002ರಲ್ಲೂ, ಈಗ ಹೇಳಿದಂಥ ಲೋಹದ ದ್ವೀಪದಲ್ಲಿ 2012ರಲ್ಲೂ ಜಾರ್ಜಿನ್‌ಸ್ಕಿ ಸಮೀಕರಣ ಪರೀಕ್ಷೆಯಲ್ಲಿ ಪಾಸಾಯಿತು.

ಇಷ್ಟು ಹೇಳಿದ ಮೇಲೆ ಮ್ಯಾಕ್ಸ್‌ವೆಲ್ಲನ ಭೂತವನ್ನು ಕರೆಯದೆ ಇರಲಾಗುವುದಿಲ್ಲ. 1867ರ ಪತ್ರವೊಂದರಲ್ಲಿ ಮ್ಯಾಕ್ಸ್‌ವೆಲ್ ಒಂದು ಕಲ್ಪನೆ ಮುಂದಿಟ್ಟರು: ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಕೂತ ಚುರುಕು ಕಣ್ಣಿನ ಜೀವಿಯೊಂದು ವೇಗದ ಅಣುಗಳನ್ನು ಒಂದು ಕಡೆಗೆ, ನಿಧಾನದವನ್ನು ಇನ್ನೊಂದು ಕಡೆಗೆ ಬಿಟ್ಟರೆ ಕೆಲಸವನ್ನೇ ಮಾಡದೆ ಒಂದು ಕೋಣೆ ಬಿಸಿ, ಇನ್ನೊಂದು ತಂಪು. 1929ರಲ್ಲಿ ಲಿಯೊ ಸಿಲಾರ್ಡ್ ಇದನ್ನು ಒಂದೇ ಅಣುವಿಗೆ ಇಳಿಸಿ, ಭೂತಕ್ಕೆ ಸಿಕ್ಕ ಮಾಹಿತಿಗೂ ಎಂಟ್ರೊಪಿಗೂ (ಅವ್ಯವಸ್ಥೆಯ ಅಳತೆಗೂ) ನಂಟಿದೆ ಎಂದರು. 1961ರಲ್ಲಿ ರೋಲ್ಫ್ ಲ್ಯಾಂಡಾವರ್ ಅದಕ್ಕೆ ದರ ಕಟ್ಟಿದರು: ಒಂದು ಬಿಟ್ ಮಾಹಿತಿಯನ್ನು ಅಳಿಸಿದರೆ ಕನಿಷ್ಠ 0.69 ಚಿಲ್ಲರೆಯಷ್ಟು ಶಾಖ ಹೊರಬೀಳಲೇಬೇಕು. ಕೋಣೆಯ ತಾಪಮಾನದಲ್ಲಿ ಅದು 2.9×10⁻²¹ ಜೂಲ್, 0.1 ಕೆಲ್ವಿನ್‌ನಲ್ಲಿ ಸುಮಾರು 10⁻²⁴ ಜೂಲ್. ಭೂತ ಬಿಟ್ಟಿಯಾಗಿ ಗಳಿಸಿದ್ದೆಲ್ಲ ತನ್ನ ನೆನಪನ್ನು ಒರೆಸುವಾಗ ತೀರಿಹೋಗುತ್ತದೆ ಎಂಬ ಮಾತನ್ನು ಚಾರ್ಲ್ಸ್ ಬೆನೆಟ್ 1982ರಲ್ಲಿ ಪೂರ್ತಿ ಮಾಡಿದರು.

ಇದೆಲ್ಲ ನೂರು ವರ್ಷಕ್ಕೂ ಮೀರಿ ಕಾಗದದ ಮೇಲಿನ ವಾದವಾಗಿತ್ತು. 2014ರಲ್ಲಿ ಪೆಕೋಲಾ ಗುಂಪು ಸಿಲಾರ್ಡ್ ಯಂತ್ರವನ್ನು ಒಂದು ಎಲೆಕ್ಟ್ರಾನಿನಿಂದ ಕಟ್ಟಿತು. ಎರಡು ದ್ವೀಪಗಳಲ್ಲಿ ಎಲೆಕ್ಟ್ರಾನು ಯಾವುದರಲ್ಲಾದರೂ ಇರಬಹುದು, ಎರಡಕ್ಕೂ ಸಮ ಸಂಭವ. ಎಲ್ಲಿದೆ ಎಂದು ಪತ್ತೆಹಚ್ಚಿ, ಇರುವ ಕಡೆಗೇ ಅದನ್ನು ಚಟ್ಟನೆ ಕಟ್ಟಿಹಾಕಿ, ಆಮೇಲೆ ಹಿಡಿತವನ್ನು ನಿಧಾನವಾಗಿ ಸಡಿಲಿಸುತ್ತಾರೆ. ಸಡಿಲಿಸುತ್ತ ಹೋದಂತೆ ಎಲೆಕ್ಟ್ರಾನು ಸುತ್ತಲಿನ ಶಾಖವನ್ನು ಹೀರಿ ಕೆಲಸವಾಗಿ ಹಿಂತಿರುಗಿಸುತ್ತದೆ. ಒಂದು ಬಿಟ್ ಮಾಹಿತಿಗೆ ಲ್ಯಾಂಡಾವರ್ ದರವೇ ಇಲ್ಲಿಯೂ ಮಿತಿ. ಮರುವರ್ಷದ ಪ್ರಯೋಗ ನನಗೆ ಇದಕ್ಕಿಂತ ಹಿಡಿಸಿತು. ಅದರಲ್ಲಿ ಭೂತವೂ ಚಿಪ್ಪಿನ ಮೇಲೆಯೇ ಇದೆ. ಹೊರಗಿನಿಂದ ನೋಡಿ ಸ್ವಿಚ್ಚು ಒತ್ತುವ ಕಂಪ್ಯೂಟರ್ ಇಲ್ಲ, ಪಕ್ಕದ ಇನ್ನೊಂದು ಪುಟ್ಟ ದ್ವೀಪವೇ ಎಲೆಕ್ಟ್ರಾನು ಬಂದದ್ದನ್ನು ಅರಿತು ತಾನಾಗಿ ಪ್ರತಿಕ್ರಿಯಿಸುತ್ತದೆ. ಎರಡಕ್ಕೂ ಥರ್ಮಾಮೀಟರು ಹಾಕಿ ನೋಡಿದಾಗ ವ್ಯವಸ್ಥೆ ತಣ್ಣಗಾಯಿತು, ಭೂತ ಬಿಸಿಯಾಯಿತು. ‘ಮಾಹಿತಿಗೆ ಶಾಖದ ಬೆಲೆ ಇದೆ’ ಎಂಬ ವಾಕ್ಯವನ್ನು ಥರ್ಮಾಮೀಟರಿನಲ್ಲಿ ಓದಿದ್ದು ಅಲ್ಲಿ.

ಇಲ್ಲಿಯವರೆಗಿನ ಎಲೆಕ್ಟ್ರಾನುಗಳು, ಒಂದೊಂದಾಗಿ ಎಣಿಸಿದರೂ, ಒಂದು ಅರ್ಥದಲ್ಲಿ ಹಳೆಯ ಕಾಲದವು. ಇಲ್ಲಿರುತ್ತವೆ ಇಲ್ಲವೇ ಅಲ್ಲಿರುತ್ತವೆ. ಕ್ವಾಂಟಮ್ ಮಂಡಲ ಎರಡರ ಮಿಶ್ರ ಸ್ಥಿತಿಯಲ್ಲೂ ಇರಬಲ್ಲದು, ನೋಡಿದೊಡನೆ ಆ ಸ್ಥಿತಿ ಕುಸಿಯುತ್ತದೆ. ಕೆಲಸ ಎಷ್ಟಾಯಿತು ಎಂದು ತಿಳಿಯಲು ಶುರುವಿನ ಶಕ್ತಿ, ಕೊನೆಯ ಶಕ್ತಿ ಎರಡೂ ಬೇಕು, ಶುರುವಿನಲ್ಲೇ ಅಳೆದರೆ ನಾವು ನೋಡಹೊರಟ ವಿದ್ಯಮಾನವನ್ನು ನಾವೇ ಹಾಳುಮಾಡಿದಂತೆ. ಕೆಲಸ ಎಂಬುದು ಕ್ವಾಂಟಮ್ ಅರ್ಥದಲ್ಲಿ ಒಂದು ಅಳೆಯಬಹುದಾದ ರಾಶಿಯೇ ಅಲ್ಲ ಎಂದು 2007ರಲ್ಲಿ ಸೈದ್ಧಾಂತಿಕರು ವಾದಿಸಿದರು. ಲೆಕ್ಕ ಬರೆಯುವ ಕೆಲಸವೇ ಲೆಕ್ಕವನ್ನು ಕೆಡಿಸುತ್ತದೆ.

ಇದಕ್ಕೆ ಸೂಚಿಸಿರುವ ಉಪಾಯ ಸರಳ: ವ್ಯವಸ್ಥೆಯ ತಂಟೆಗೆ ಹೋಗದೆ ಅದರ ನೆರೆಯನ್ನು ಅಳೆಯಿರಿ. ಮಂಡಲ ಮೇಲಿನ ಮೆಟ್ಟಿಲಿನಿಂದ ಕೆಳಗಿಳಿದಾಗ ಒಂದು ಮೈಕ್ರೋವೇವ್ ಫೋಟಾನನ್ನು ಹೊರಚೆಲ್ಲುತ್ತದೆ. ಅದನ್ನು ನಮ್ಮ ತಾಮ್ರದ ತುಣುಕು ನುಂಗಲಿ, ತುಣುಕು ಎಷ್ಟು ಬಿಸಿಯಾಯಿತೆಂದು ನೋಡೋಣ. 20 ಗಿಗಾಹರ್ಟ್ಸ್ ಫೋಟಾನಿನ ಶಕ್ತಿ 1.3×10⁻²³ ಜೂಲ್. 0.1 ಕೆಲ್ವಿನ್‌ನಲ್ಲಿರುವ ತುಣುಕಿನ ಎಲೆಕ್ಟ್ರಾನುಗಳನ್ನು ಅದು ಬರೀ 0.7 ಮಿಲಿಕೆಲ್ವಿನ್ ಬಿಸಿ ಮಾಡುತ್ತದೆ. ಅಷ್ಟನ್ನು ಅಳೆಯಬಹುದು ಅನ್ನುತ್ತೀರಿ. ಆದರೆ ಇಷ್ಟು ಸಣ್ಣ ತುಣುಕಿನ ತಾಪಮಾನ ಸ್ಥಿರವಾಗಿ ನಿಲ್ಲುವುದಿಲ್ಲ. ಸುತ್ತಲಿನೊಡನೆ ಶಕ್ತಿಯ ವಿನಿಮಯ ನಡೆಯುತ್ತಲೇ ಇರುವುದರಿಂದ ಅದೇ 0.1 ಕೆಲ್ವಿನ್‌ನಲ್ಲಿ ಅದು ತಾನಾಗಿಯೇ 2.6 ಮಿಲಿಕೆಲ್ವಿನ್‌ನಷ್ಟು ಏರಿಳಿಯುತ್ತಿರುತ್ತದೆ. ಸಂಕೇತಕ್ಕಿಂತ ನಡುಕವೇ ದೊಡ್ಡದು. 20 ಮಿಲಿಕೆಲ್ವಿನ್‌ಗೆ ಇಳಿಸಿ. ಶಾಖಧಾರಣೆ ಕುಗ್ಗುವುದರಿಂದ ಅದೇ ಫೋಟಾನು ಈಗ 3 ಮಿಲಿಕೆಲ್ವಿನ್ ಏರಿಸುತ್ತದೆ, ನಡುಕ 1.2ಕ್ಕೆ ಇಳಿದಿರುತ್ತದೆ. ಈಗ ಕಾಣಬೇಕು. ಚಳಿ ಯಾಕೆ ಬೇಕೆಂಬ ಪ್ರಶ್ನೆಗೆ ನನಗೆ ಗೊತ್ತಿರುವ ಅತಿ ನೇರ ಉತ್ತರ ಈ ನಾಲ್ಕು ಸಂಖ್ಯೆಗಳಲ್ಲಿದೆ. ತಾಪಮಾನದ ಈ ಮೂಲಭೂತ ನಡುಕವೇ ಮಿತಿಯಾಗುವಷ್ಟು ಸೂಕ್ಷ್ಮವಾದ ಶೋಧಕವನ್ನು ಬಯಾನ್ ಕರಿಮಿ, ಪೆಕೋಲಾ ಮತ್ತಿತರರು 2020ರಲ್ಲಿ ವರದಿ ಮಾಡಿದರು.

ಪ್ರಶ್ನೋತ್ತರ

*ತಾಪಮಾನವೇ ನಡುಗುತ್ತದೆ ಅಂದಿರಿ. ನಡುಗುವುದನ್ನು ತಾಪಮಾನ ಅನ್ನುವುದು ಸರಿಯೇ? ಅದಕ್ಕೆ ಕನಿಷ್ಠ ಎಷ್ಟು ಕಣಗಳು ಬೇಕು?*

ಒಳ್ಳೆಯ ಪ್ರಶ್ನೆ, ಈ ಬಗ್ಗೆ ಭೌತವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ನಮ್ಮ ತಾಮ್ರದ ತುಣುಕಿನಲ್ಲಿ ಸುಮಾರು 17 ಕೋಟಿ ವಾಹಕ ಎಲೆಕ್ಟ್ರಾನುಗಳಿವೆ. ಸಾಕಷ್ಟಿವೆ ಅನ್ನಿಸುತ್ತದೆ. ಆದರೆ ಒಂದು ಸ್ಥಿತಿಯಲ್ಲಿ ಒಂದೇ ಎಲೆಕ್ಟ್ರಾನು ಇರಬಹುದೆಂಬ ಪೌಲಿಯ ನಿಯಮದಿಂದಾಗಿ ಹೆಚ್ಚಿನವು ತಮ್ಮ ಸ್ಥಾನದಿಂದ ಕದಲಲಾರವು, ಶಾಖದಲ್ಲಿ ಪಾಲು ಪಡೆಯುವುದು ಶಕ್ತಿಯ ಮೇಲ್ಪದರದಲ್ಲಿರುವವು ಮಾತ್ರ. 20 ಮಿಲಿಕೆಲ್ವಿನ್‌ನಲ್ಲಿ ಆ ಲೆಕ್ಕ ಹಾಕಿದರೆ ಉಳಿಯುವುದು ಸುಮಾರು 40. ನಲವತ್ತು ಎಲೆಕ್ಟ್ರಾನುಗಳಿಗೆ ಒಂದು ತಾಪಮಾನ! ನನ್ನ ಅಭಿಪ್ರಾಯ ಕೇಳುವುದಾದರೆ, ಅವು ತಮ್ಮತಮ್ಮಲ್ಲಿ ಶಕ್ತಿ ಹಂಚಿಕೊಳ್ಳುವ ಸಮಯ ಹೊರಗೆ ಸೋರಿಹೋಗುವ ಸಮಯಕ್ಕಿಂತ ಬಹಳ ಕಡಿಮೆ ಇರುವವರೆಗೆ ತಾಪಮಾನ ಎನ್ನುವ ಹಕ್ಕು ನಮಗಿದೆ. ಸಂಖ್ಯೆಗಿಂತ ಈ ವೇಗದ ಅಂತರ ಮುಖ್ಯ.

*ಆ ಭೂತವನ್ನು ದೊಡ್ಡದಾಗಿ ಕಟ್ಟಿ ಗಾಳಿಯ ಶಾಖದಿಂದಲೇ ವಿದ್ಯುತ್ ತೆಗೆಯಬಹುದಲ್ಲ?*

ಆಗುವುದಿಲ್ಲ. ಭೂತದ ಖರ್ಚನ್ನೂ ಅದೇ ಪುಸ್ತಕದಲ್ಲಿ ಬರೆದರೆ ಲಾಭದ ಸಾಲು ಮಾಯ. 2015ರ ಚಿಪ್ಪಿನಲ್ಲಿ ಬಿಸಿಯಾದ ದ್ವೀಪವೇ ಆ ಖರ್ಚು.

*ಇದರಿಂದ ಕ್ವಾಂಟಮ್ ಕಂಪ್ಯೂಟರಿಗೆ ಉಪಯೋಗವಿದೆಯೇ?*

ಇದೆ, ಒಂದು ಕಡೆ ಕೂಡಲೇ ಇದೆ. ಲೆಕ್ಕ ಶುರುಮಾಡುವ ಮೊದಲು ಪ್ರತಿ ಕ್ಯೂಬಿಟ್ಟನ್ನೂ (ಕ್ವಾಂಟಮ್ ಕಂಪ್ಯೂಟರಿನ ಬಿಟ್ಟಾಗಿ ಕೆಲಸ ಮಾಡುವ ಮಂಡಲ) ಕೆಳಗಿನ ಮೆಟ್ಟಿಲಿಗೆ ಇಳಿಸಿ ಸೊನ್ನೆಗೆ ತರಬೇಕು. ಸುಮ್ಮನೆ ಬಿಟ್ಟರೆ ಅದು ಯಂತ್ರದ ಮುಖಫಲಕದಲ್ಲಿ ಕಾಣುವುದಕ್ಕಿಂತ ಬಿಸಿಯಾಗಿಯೇ ಉಳಿಯುತ್ತದೆ. ತಂತಿಗಳಿಂದ ನುಸುಳುವ ಶಾಖದ ಬಗ್ಗೆ ಹೇಳಿದ್ದೆನಲ್ಲ, ಅದೇ ಕಥೆ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕ್ಯೂಬಿಟ್ಟುಗಳಿಂದಲೇ ಕಟ್ಟಿದ ಫ್ರಿಜ್ಜೊಂದು, ಬಿಸಿ ಬದಿಯಿಂದ ತಂಪು ಬದಿಗೆ ಹರಿಯುವ ಶಾಖದ ಬಲದಿಂದಲೇ ಓಡಿ, ಗುರಿಯ ಕ್ಯೂಬಿಟ್ಟನ್ನು 22 ಮಿಲಿಕೆಲ್ವಿನ್‌ಗೆ ಇಳಿಸಿತು. ಬೆಂಕಿಯಿಂದ ತಂಪು ಮಾಡುವ ಅಬ್ಸಾರ್ಪ್ಷನ್ ಫ್ರಿಜ್ಜಿನ ತತ್ವವೇ ಅದು.

ಆದರೆ ‘ಕ್ವಾಂಟಮ್ ಯಂತ್ರಗಳು ವಿದ್ಯುತ್ ಉಳಿಸುತ್ತವೆ’ ಎಂಬ ಮಾತನ್ನು ಕೇಳಿದಾಗ ಸ್ವಲ್ಪ ತಡೆದು ಯೋಚಿಸಿ. ಚಿಪ್ಪಿನ ಮೇಲೆ ನಾವು 10⁻²⁴ ಜೂಲುಗಳ ಮಾತಾಡುತ್ತೇವೆ. ಅದನ್ನು ತಣ್ಣಗಿಡುವ ಯಂತ್ರ 20 ಮಿಲಿಕೆಲ್ವಿನ್‌ನಲ್ಲಿ ಹೊರತೆಗೆಯಬಲ್ಲ ಶಾಖ ಮೈಕ್ರೋವ್ಯಾಟುಗಳ ಲೆಕ್ಕದಲ್ಲಿ, ಆ ಕೆಲಸಕ್ಕೆ ಅದರ ಕಂಪ್ರೆಸರ್ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಹಲವು ಕಿಲೋವ್ಯಾಟ್. ಯಂತ್ರವೊಂದರ ಒಟ್ಟು ಖರ್ಚನ್ನು ನಿರ್ಧರಿಸುವುದು ಸದ್ಯಕ್ಕೆ ಲ್ಯಾಂಡಾವರ್ ಅಲ್ಲ, ಕಂಪ್ರೆಸರ್. ಚಿಪ್ಪಿನೊಳಗಿನ ಫ್ರಿಜ್ಜುಗಳು ಈ ಚಿತ್ರ ಬದಲಿಸಬೇಕಾದರೆ ಇಡೀ ಮಂಡಲವನ್ನು 1 ಕೆಲ್ವಿನ್ ಆಸುಪಾಸಿನಲ್ಲಿಟ್ಟು, ಅಗತ್ಯವಿರುವ ಕೆಲವೇ ಬಿಂದುಗಳನ್ನು ಅಲ್ಲಲ್ಲೇ 20 ಮಿಲಿಕೆಲ್ವಿನ್‌ಗೆ ಇಳಿಸಲು ಬರಬೇಕು. ಈಗಿನ ಅಲ್ಯೂಮಿನಿಯಮ್ ಸಂಧಿಗಳು 1 ಕೆಲ್ವಿನ್‌ನಿಂದ ಅಷ್ಟು ಕೆಳಗೆ ಇಳಿಸಲಾರವು. ಅಲ್ಯೂಮಿನಿಯಮ್ ಅತಿವಾಹಕವಾಗುವುದೇ 1.2 ಕೆಲ್ವಿನ್‌ನಲ್ಲಿ, ಹಾಗಾಗಿ ಶಕ್ತಿಯ ಮಿತಿ ಹೆಚ್ಚಿರುವ ಬೇರೆ ಅತಿವಾಹಕಗಳು ಬೇಕು, ಒಂದರ ಮೇಲೊಂದು ಹಲವು ಹಂತಗಳೂ ಬೇಕು.